ನೆಲಮಟ್ಟದ ಹೊಸ್ತಿಲು

ಬೀದರ್‌ನ ಒಂದು ಕನ್ನಡ ದಿನಪತ್ರಿಕೆಯಲ್ಲಿ ನಾನು ವರದಿಗಾರ್ತಿಯಾಗಿದ್ದೆ. ನಿವೃತ್ತಿಯಾದ ಮೇಲೆ ಚಿದ್ರಿಯ ನಮ್ಮ ಮನೆಗೆ ಹೊಸ ವರದಿಗಾರರು ಆಗಾಗ ಚಹಾಕ್ಕೆ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನೀವು ಬರೆದ ದೊಡ್ಡ ಸುದ್ದಿ ಯಾವುದು? ಚುನಾವಣೆ, ದಾಳಿ, ಮಂತ್ರಿಯ ರಾಜೀನಾಮೆ ಇಂಥದ್ದೇನೋ ಬರುತ್ತದೆಂದು ಕಾಯುತ್ತಾರೆ. ನಾನು ಔರಾದ್‌ನ ಒಂದು ಬಾಗಿಲಿನ ಸುದ್ದಿ ಹೇಳುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಚಹಾ ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ. ಬಾಯಲ್ಲಿ ಹೇಳಿ ಹೇಳಿ ಆ ಸುದ್ದಿ ಬೆಳೆಯತೊಡಗಿದೆಯೇನೋ ಎಂಬ ಅನುಮಾನ ಈಚೆಗೆ ಬಂದಿದೆ. ಅದಕ್ಕೇ ಅದರ ನಿಜವಾದ ಅಳತೆಯಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಸಂಪಾದಕ ಕುಲಕರ್ಣಿಯವರ ಬಗ್ಗೆ ಹೇಳಬೇಕು. ವಿಶೇಷಣ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾನು ಸೇರಿದ ಹೊಸದರಲ್ಲಿ ಭಾಲ್ಕಿಯ ಒಂದು ಸಭೆಯ ಬಗ್ಗೆ "ಅಪಾರ ಜನಸ್ತೋಮ" ಎಂದು ಬರೆದಿದ್ದೆ. ಪ್ರತಿಯನ್ನು ಎತ್ತಿ ಹಿಡಿದು ಇಡೀ ಕಚೇರಿಗೆ ಕೇಳುವಂತೆ ಅವರು ಕೇಳಿದ್ದು ಇಷ್ಟು: "ಅಪಾರ ಅಂದ್ರ ಎಷ್ಟ್ರಿ? ಕುರ್ಚಿ ಖಾಲಿ ಇದ್ದವೋ ಇಲ್ಲೋ, ಅಷ್ಟು ಹೇಳ್ರಿ." ಅಂದಿನಿಂದ ನಾನು ಸಭೆಗೆ ಹೋದರೆ ಮೊದಲು ನೋಡುವುದು ಖಾಲಿ ಕುರ್ಚಿ. ಆಗ ಔರಾದ್‌ನಿಂದ ಸುದ್ದಿ ಕಳಿಸುವುದೆಂದರೆ ಕವರು ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಬಸ್ಸು ಕೆಟ್ಟರೆ ಸುದ್ದಿಯೂ ರಸ್ತೆ ಬದಿಯಲ್ಲಿ ನಿಲ್ಲುತ್ತಿತ್ತು. ಈಗ ನಿಂತಲ್ಲಿಂದಲೇ ಮೊಬೈಲಿನಲ್ಲಿ ಕಳಿಸುತ್ತಾರೆ. ಒಳ್ಳೆಯದೇ. ಆದರೆ ಬಸ್ಸು ಹೊರಡುವವರೆಗೆ ಕಾಯುವಾಗ ನಿಲ್ದಾಣದಲ್ಲಿ ಸಿಗುತ್ತಿದ್ದ ಇನ್ನೊಂದು ಸುದ್ದಿ ಈಗಿನವರಿಗೆ ಸಿಗುವುದಿಲ್ಲ.

ನನ್ನ ನಿವೃತ್ತಿ ಹತ್ತಿರವಾಗಿದ್ದ ಕಾಲ. ಒಂದು ದಿನ ಕುಲಕರ್ಣಿಯವರು ಶ್ರದ್ಧಾಂಜಲಿ ಪುಟದ ಕರಡು ನೋಡುತ್ತ ಕೂತಿದ್ದರು. ತಲೆ ಎತ್ತದೆ ನನ್ನನ್ನು ಕರೆದರು.

"ಮುದುಕರ ಹೆಸರು ನಮ್ಮ ಪೇಪರ್‌ದಾಗ ಬರಬೇಕಂದ್ರ ಅವರು ಸಾಯಲೇಬೇಕೇನ್ರಿ?"

"ಇಲ್ರಿ ಸರ್."

"ಮತ್ತ ಬದುಕಿದ್ದವರು ಎಲ್ಲಿ ಇರ್ಲತ್ತಾರ, ಏನ್ ಮಾಡ್ಲತ್ತಾರ, ಹೋಗಿ ನೋಡ್ರಿ. ಇವತ್ತಿನಿಂದ ಅದು ನಿಮ್ಮ ಕೆಲಸ."

ಸಹೋದ್ಯೋಗಿಗಳು ನನಗೆ "ಮುದುಕರ ಖಾತೆ ಸಚಿವೆ" ಎಂದು ಹೆಸರಿಟ್ಟರು. ಖಾತೆ ದೊಡ್ಡದೇ ಇತ್ತು. ಹಳ್ಳಿಗಳಿಂದ ವಯಸ್ಸಾದವರು ತಾಲ್ಲೂಕು ಊರುಗಳಿಗೆ ಬರತೊಡಗಿದ್ದರು. ದವಾಖಾನೆ ಇಲ್ಲಿ, ಬ್ಯಾಂಕು ಇಲ್ಲಿ, ಬಸ್ಸು ಇಲ್ಲಿ. ಬಂದವರಿಗೆ ಇರಲು ಮನೆ ಮಾತ್ರ ಇರಲಿಲ್ಲ. ಪೇಟೆಯ ನೆಲಮಹಡಿಗಳೆಲ್ಲ ಅಂಗಡಿಗಳಾಗಿದ್ದವು. ಮೊಣಕಾಲು ನೋವಿನವರಿಗೆ ಸಿಗುತ್ತಿದ್ದದ್ದು ಮೇಲ್ಮಹಡಿಯ ಖೋಲಿ, ಅಂದರೆ ಒಂದು ಕೋಣೆ. ಅದೂ ಮಾಲೀಕರು ಒಪ್ಪಿದರೆ.

ಒಪ್ಪದ ಮಾಲೀಕರೊಬ್ಬರನ್ನು ನಾನು ಭಾಲ್ಕಿಯಲ್ಲಿ ಕಂಡೆ. ಸಾಯಗಾಂವದ ನಾಲ್ವರು ಹಿರಿಯ ಗೆಳೆಯರು ಒಂದೇ ಮನೆಯನ್ನು ಕೂಡಿ ಬಾಡಿಗೆಗೆ ಹಿಡಿಯಲು ಬಂದಿದ್ದರು. ಮಾಲೀಕರು ಬಾಗಿಲಲ್ಲೇ ನಿಲ್ಲಿಸಿ ನೇರವಾಗಿ ಹೇಳಿದರು: "ವಯಸ್ಸಾದವರಿಗೆ ಕೊಡಂಗಿಲ್ರಿ. ನಾಳಿ ಏನರ ಆದ್ರ, ಆ ಮನಿ ಮುಂದ ಯಾರು ಕಿರಾಯಿ ತೊಗೋತಾರ?"

ನಾಲ್ವರಲ್ಲಿ ದಪ್ಪ ಕನ್ನಡಕದ ಗುಂಡಪ್ಪ ಎಂಬವರು ಮುಂದೆ ಬಂದರು. "ಸಾಹುಕಾರ್ರ, ನಾವು ಸಾಯ್ಲಾಕ ಬಂದಿಲ್ಲ, ಸಕ್ಕರಿ ತಪಾಸ್ ಮಾಡಿಸ್ಲಾಕ ಬಂದೀವಿ. ಸಾಯೋದೇ ಇದ್ರ ಬಸ್‌ದಾಗ ನಿಂತ್ಕೊಂಡು ಇಲ್ಲಿ ತನಕ ಯಾಕ ಬರ್ತಿದ್ದಿವಿ? ಊರಾಗೇ ಮಂಚ ಇತ್ತು."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಇಲ್ಲ ಅನ್ನಲಾಗಲಿಲ್ಲ. ನಾನು ಆ ಮಾತನ್ನು ಇದ್ದ ಹಾಗೆಯೇ ಅಚ್ಚಿಗೆ ಕೊಟ್ಟೆ. ಮರುದಿನ ಕಚೇರಿಗೆ ಬಂದ ಫೋನುಗಳಲ್ಲಿ ಕೆಲವು ಬೇರೆ ಮನೆ ಮಾಲೀಕರವು. ಬೈಯಲು ಮಾಡಿದ್ದಾರೆಂದು ಹೆದರಿದ್ದೆ. ಗುಂಡಪ್ಪನವರಿಗೆ ಮನೆ ಸಿಕ್ಕಿತೇ, ಇಲ್ಲದಿದ್ದರೆ ನಮ್ಮಲ್ಲಿ ಒಂದು ಖಾಲಿ ಇದೆ ಎಂದು ಹೇಳಲು ಮಾಡಿದ್ದರು.

ಆ ವರದಿಗಳಿಂದಲೋ ಬೇರೆ ಕಾರಣದಿಂದಲೋ, ಹಿರಿಯರಿಗೆಂದೇ ಔರಾದ್‌ನಲ್ಲಿ ಒಂದು ಸಾಲು ಮನೆ ಕಟ್ಟುವ ಯೋಜನೆ ಬಂತು. ಅದಕ್ಕೆ ಮೊದಲು ಸಲಹೆ ಕೇಳಲು ಭಾಲ್ಕಿಯಲ್ಲಿ ಸಭೆ ಕರೆದರು. ಕುರ್ಚಿ ಖಾಲಿ ಇರಲಿಲ್ಲ. ನಕ್ಷೆ ಬರೆಯುವ ಹೊಣೆ ಅಶ್ವಿನಿ ಎಂಬ ಕಿರಿಯ ಎಂಜಿನಿಯರ್ ಮೇಲಿತ್ತು. ಬೀದರ್‌ನ ಹಳೇ ಪೇಟೆಯ ಹುಡುಗಿ. ಅವಳು ಸ್ವತಂತ್ರವಾಗಿ ಮಾಡುತ್ತಿದ್ದ ಮೊದಲ ಕೆಲಸ ಅದು. ಸಭೆಯಲ್ಲಿ ಎಲುಬಿನ ಡಾಕ್ಟರೊಬ್ಬರು ಎದ್ದು ನಿಂತು, "ನನ್ನ ಕಡಿ ಮುದುಕರನ್ನ ಕಳಿಸೋದು ಮೋಟಾರ್ ಸೈಕಲ್ ಅಲ್ಲರಿ, ಮನಿ ಹೊಸ್ತಲ. ಎಡವಿ ಬೀಳ್ತಾರ, ಸೊಂಟದ ಎಲುಬು ಮುರ್ಕೋತಾರ. ಹೊಸ್ತಲ ತೆಗೀರಿ, ನನ್ನ ಅರ್ಧ ಕೆಲಸ ಕಮ್ಮಿ ಆಗ್ತದ" ಎಂದರು. ಅಶ್ವಿನಿ ಬರೆದುಕೊಂಡಳು. ನಾನೂ ಬರೆದುಕೊಂಡೆ.

ಮನೆಗಳು ಎದ್ದವು. ಅವು ಚೆನ್ನಾಗಿದ್ದವು ಎಂಬುದನ್ನು ದಾಖಲಿಸಬೇಕು. ಊರಾಚೆ ಅಲ್ಲ, ಸಂತೆ ಬಯಲಿನ ಪಕ್ಕದಲ್ಲೇ. ಎಲ್ಲವೂ ನೆಲಮಹಡಿ. ಅಗಲ ಬಾಗಿಲು, ಬಚ್ಚಲಲ್ಲಿ ಹಿಡಿಕೆ, ಕಾಲು ಜಾರದ ಕಲ್ಲು, ನಡುವೆ ಒಂದು ಅಂಗಳ, ಅಂಗಳದಿಂದ ಸಂತೆ ಕಾಣುವಂತೆ ಕಟ್ಟೆ. ಹೊಸ್ತಿಲು ಎಲ್ಲೂ ಇರಲಿಲ್ಲ. ಕೋಣೆಯಿಂದ ಕೋಣೆಗೆ, ಒಳಗಿನಿಂದ ಹೊರಗೆ, ಒಂದೇ ನೆಲ. ಚೀಟಿ ಎತ್ತಿ ಮನೆ ಹಂಚಿದರು. ಬೀಗದ ಕೈ ಕೊಟ್ಟರು, ಫೋಟೊ ತೆಗೆದರು.

ಯಾರೂ ಬರಲಿಲ್ಲ.

ವಾರಗಳಾದವು. ಬೀಗದ ಕೈಗಳು ಜನರ ಮನೆಗಳಲ್ಲಿ ದೇವರ ಮುಂದೆ ಕೂತಿದ್ದವು. ಬೀಗಗಳು ಬಾಗಿಲಲ್ಲಿ ಕೂತಿದ್ದವು. ಯೋಜನೆಯ ಕಚೇರಿಯವರು ಕೇಳಿದರೆ ಒಬ್ಬರು ಆಷಾಢ ಅಂದರು, ಇನ್ನೊಬ್ಬರು ಮಗಳ ಹೆರಿಗೆ ಅಂದರು. ಕುಲಕರ್ಣಿಯವರು ನನ್ನನ್ನು ಔರಾದ್‌ಗೆ ಅಟ್ಟಿದರು: "ಮನಿ ಇಲ್ಲಂತ ಅತ್ತವರು ಮನಿ ಕೊಟ್ರ ಯಾಕ ಬರವಲ್ರು? ಕಾರಣ ಕೇಳಬ್ಯಾಡ್ರಿ, ಕಾರಣ ಎಲ್ಲರೂ ಹೇಳ್ತಾರ. ಅವರು ಇದ್ದಲ್ಲೇ ಕೂತು ನೋಡ್ರಿ."

ಹಾಗೆ ನಾನು ಗಂಗಾಬಾಯಿಯವರ ಖೋಲಿಗೆ ಹೋದೆ. ತಾಡಪತ್ರಿ, ಅಂದರೆ ಟಾರ್ಪಾಲಿನ್, ಮತ್ತು ಹಗ್ಗ ಮಾರುವ ಅಂಗಡಿಯ ಮೇಲೆ ಅವರ ಮನೆ. ಹತ್ತಲು ಗೋಡೆಗೆ ಒರಗಿಸಿದಂತಿದ್ದ ಕಡಿದಾದ ಕಬ್ಬಿಣದ ಮೆಟ್ಟಿಲು. ಗಂಗಾಬಾಯಿ ಮತ್ತು ಅವರ ಗಂಡ ಮಾಳಪ್ಪ ಡಾಬಕಾದವರು. ಜೀವನವಿಡೀ ಕುರಿ ಕಾಯ್ದವರು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ದವಾಖಾನೆಗೆ ಹತ್ತಿರವಾಗಲೆಂದು ಔರಾದ್‌ಗೆ ಬಂದಿದ್ದರು. ಬಂದ ಮೇಲೆ ಮಾಳಪ್ಪನವರ ಸೊಂಟದ ಎಲುಬು ಮುರಿದು, ಭಾಲ್ಕಿ ಸಭೆಯ ಅದೇ ಎಲುಬಿನ ಡಾಕ್ಟರ ಕೈಯಲ್ಲಿ ಶಸ್ತ್ರಕ್ರಿಯೆಯಾಗಿತ್ತು. ದವಾಖಾನೆಯಿಂದ ಅವರನ್ನು ನಾಲ್ಕು ಜನ ಹೊತ್ತು ಮೇಲಕ್ಕೆ ತಂದರು. ಆಮೇಲೆ ಅವರು ಕೆಳಗೆ ಇಳಿದೇ ಇರಲಿಲ್ಲ. ನಾಲ್ಕು ಕಾಲಿನ ಊರುಗೋಲು ಹಿಡಿದು ಖೋಲಿಯೊಳಗೆ ಕಿಟಕಿಯವರೆಗೆ ಹೋಗುತ್ತಿದ್ದರು, ಅಷ್ಟೇ.

ಕಿಟಕಿಯಲ್ಲಿ ಅವರು ದುಃಖದಿಂದ ಕೂತಿದ್ದರೆಂದು ಬರೆದರೆ ಸುಳ್ಳಾಗುತ್ತದೆ. ನಾನು ಹೋದ ದಿನ ಸಂತೆ ಇತ್ತು. ಕೆಳಗೆ ಕುರಿ ಹಿಂಡು ಹೋಗುತ್ತಿತ್ತು. ಮಾಳಪ್ಪ ಮೇಲಿನಿಂದಲೇ ವ್ಯಾಪಾರ ಕೆಡಿಸುತ್ತಿದ್ದರು.

"ಏ ತಮ್ಮಾ, ಆ ಕರಿ ಮುಖದ್ದು ತೊಗೋಬ್ಯಾಡೋ! ಹಿಂದಿನ ಕಾಲು ಎಳಿಲತ್ತದ ನೋಡು!"

ಕೆಳಗಿನಿಂದ ಮಾರುವವನು ಬೈದ: "ಮುದುಕಾ, ನಿನ್ನ ಕಾಲು ನೋಡ್ಕೋ ಮೊದಲ!"

"ನಂದು ಮಾರಾಟಕ್ಕ ಇಲ್ಲೋ ಮಗನ!"

ಅವರನ್ನು ಕೆಳಗಿಳಿಸಿ ಆ ಸಂತೆಯ ನಡುವೆ ಕೂರಿಸಬೇಕೆಂಬುದೇ ಗಂಗಾಬಾಯಿಯವರ ಆಸೆ. ಸಂತೆ ಬಯಲಿನ ಪಕ್ಕದ ಮನೆಯ ಬೀಗದ ಕೈ ಅವರ ಸೆರಗಿನ ಗಂಟಿನಲ್ಲೇ ಇತ್ತು. ಆದರೂ ಹೋಗಿರಲಿಲ್ಲ. ನಾನು ಕಾರಣ ಕೇಳಲಿಲ್ಲ. ಚಹಾ ಕುಡಿಯುತ್ತ ಕೂತೆ. ಅವರು ಎದ್ದು, ಖೋಲಿಯ ಬಾಗಿಲಿನ ಹೊಸ್ತಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಅರಿಶಿನ ಹಚ್ಚತೊಡಗಿದರು. ಬಾಡಿಗೆ ಖೋಲಿಯ ತೇಯ್ದ ಹೊಸ್ತಿಲು ಅದು. ಬಳಿದು ಬಳಿದು ಕಟ್ಟಿಗೆಯೇ ಹಳದಿಯಾಗಿತ್ತು.

"ಅಲ್ಲಿ ಇದನ್ನ ಎಲ್ಲಿ ಹಚ್ಚಲಿ, ಪೇಪರ್ ಬಾಯಿ?" ಎಂದರು, ನನ್ನ ಕಡೆ ತಿರುಗದೆ. "ಹೋಗಿ ನೋಡಿ ಬಂದೀನಿ. ಬಾಗಲಿಗೆ ಮೂರು ಕಡಿ ಕಟಗಿ ಅದ, ಕೆಳಗ ಬರೀ ಸಿಮೆಂಟ್. ಹೊಸ್ತಲ ಎಲ್ಲಿ ಇರಂಗಿಲ್ಲ ಹೇಳ್ರಿ? ದವಾಖಾನಿಗಿ ಇರಂಗಿಲ್ಲ, ಬಸ್ ಸ್ಟ್ಯಾಂಡಿಗಿ ಇರಂಗಿಲ್ಲ. ಸರ್ಕಾರ ನಮಗ ಮನಿ ಕೊಡ್ತೇನಿ ಅಂದಿತ್ತಲ್ಲ?"

"ಹೊಸ್ತಿಲು ಇದ್ದರೆ ಇವರು ದಾಟುವುದು ಹೇಗೆ?" ಎಂದು ಮಾಳಪ್ಪನವರ ಕಡೆ ತೋರಿಸಿದೆ.

"ಅದೇ ಅಲ್ಲೇನ್ರಿ ನನ್ನ ತ್ರಾಸ. ಹೊಸ್ತಲ ಇದ್ರ ಇವರು ಹೋಗಂಗಿಲ್ಲ, ಇಲ್ದಿದ್ರ ನಾ ಹೋಗಂಗಿಲ್ಲ."

ಕಿಟಕಿಯಿಂದ ಉತ್ತರ ಬಂತು: "ನನಗ ಹೊಸ್ತಲ ಬ್ಯಾಡ, ಬಾಗಲ ಬ್ಯಾಡ, ಗ್ವಾಡಿನೂ ಬ್ಯಾಡ. ಸಂತ್ಯಾಗ ಒಂದು ಕಂಬಳಿ ಹಾಸ್ರಿ, ಸಾಕು."

"ನಿಮಗ ಕುರಿದೊಡ್ಡಿನೇ ಸಾಕು. ನಾ ಮನಿ ಕೇಳ್ಲತ್ತೀನಿ."

ಗಂಡ ಹೆಂಡಿರ ಈ ಜಗಳ ಒಂದೇ ಮನೆಯದ್ದಾಗಿರಲಿಲ್ಲ. ಪಕ್ಕದ ಖೋಲಿಯ ಸುಲೋಚನಾಬಾಯಿ ನಿವೃತ್ತ ಶಿಕ್ಷಕಿ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅವರಿಗೂ ಚೀಟಿಯಲ್ಲಿ ಮನೆ ಬಂದಿತ್ತು, ಅವರೂ ಹೋಗಿರಲಿಲ್ಲ. "ಉಂಬರಠಾ, ಅಂದ್ರ ಹೊಸ್ತಲ, ಇಲ್ಲದ ಮನಿಗೆ ನಮ್ಮವರು ಸೊಸೀನ ಕರ್ಕೊಂಡು ಬರೋದು ಹ್ಯಾಂಗ್ರಿ? ಅಕ್ಕಿ ಸೇರು ಎಲ್ಲಿ ಇಡೋದು, ಆಕಿ ಎಲ್ಲಿ ಒದಿಯೋದು? ಆಷಾಢ ಅಂದಿದ್ದು ನಾನೇ. ನಾಚಿಕಿ ಬಂದು ಹಂಗ ಅಂದೆ."

ಡಾಕ್ಟರ ಮಾತು ಸರಿಯಾಗಿತ್ತು. ಅಶ್ವಿನಿಯ ನಕ್ಷೆ ಸರಿಯಾಗಿತ್ತು. ನನ್ನ ವರದಿಯೂ ಸರಿಯಾಗಿತ್ತು. ಮನೆ ಖಾಲಿ ಇತ್ತು. ಹೊಸಬರಿಗೆ ನಾನು ಹೇಳುವುದಿಷ್ಟೇ: ಹೇಳಿಕೆಗಳೆಲ್ಲ ಸರಿ ಇದ್ದು ಸುದ್ದಿ ತಪ್ಪಾಗುವ ದಿನಗಳು ನಮ್ಮ ಕೆಲಸದಲ್ಲಿ ಬರುತ್ತವೆ. ಆಗ ಹೇಳಿಕೆ ಬಿಟ್ಟು ಬಾಗಿಲು ನೋಡಬೇಕು.

ಅಶ್ವಿನಿಗೆ ನಾನು ಫೋನಿನಲ್ಲಿ ತಿಳಿಸಿದೆ. ಅವಳು, "ನಮ್ಮವ್ವ ದಿನಾ ಮುಂಜಾನಿ ಹೊಸ್ತಲ ತೊಳಿತಾಳ. ನಾ ಅದನ್ನ ದಾಟೇ ಆಫೀಸಿಗೆ ಬರ್ತೇನಿ ಮೇಡಂ. ನನ್ನ ತಲಿಗೆ ಹ್ಯಾಂಗ ಬರಲಿಲ್ಲ?" ಎಂದಳು.

ಮರುವಾರವೇ ಔರಾದ್‌ಗೆ ಬಂದು ಬಾಗಿಲ ಕೆಳಗೆ ಕೆಂಪು ಬಣ್ಣದ ಪಟ್ಟಿ ಬಳಿಸಿದಳು, ಮೇಲೆ ಹಳದಿ ಹೂವು ಬಿಡಿಸಿದಳು. ಗಂಗಾಬಾಯಿ ಬಂದು ನೋಡಿದರು. "ಚಂದ ಅದ ಅವ್ವಾ. ಬಣ್ಣದ ಹೊಸ್ತಲಕ್ಕ ಬಣ್ಣದ ಕುಂಕುಮ ಹಚ್ಚಲೇನು?"

ಎರಡನೆಯ ಪ್ರಯತ್ನ, ತೆಗೆದಿಡುವ ಹಲಗೆ. ಬೆಳಿಗ್ಗೆ ಪೂಜೆಗೆ ಕೂಡಿಸುವುದು, ಆಮೇಲೆ ಎತ್ತಿ ಮೂಲೆಗೆ ಇಡುವುದು. ಬಡಗಿ ಬಹಳ ನಾಜೂಕಾಗಿ ಮಾಡಿದ್ದ. ಸುಲೋಚನಾಬಾಯಿ ಕನ್ನಡಕ ಏರಿಸಿ ಪರೀಕ್ಷಿಸಿ, "ದಿನಾ ಎತ್ತಿಡೋದು ಹೊಸ್ತಲ ಅಲ್ಲ, ಮದುವಿ ಹಂದರ" ಎಂದು ತೀರ್ಪು ಕೊಟ್ಟರು. ಬಡಗಿಯೇ ಮೊದಲು ನಕ್ಕ.

ಹೀಗೆ ತಿಂಗಳುಗಳು ಕಳೆದು ಸ್ಥಳೀಯ ಅಧಿಕಾರಿಗೆ ತಾಳ್ಮೆ ಮುಗಿಯಿತು. ಯುಗಾದಿಯೊಳಗೆ ಜನ ಬರದಿದ್ದರೆ ಆ ಸಾಲು ಮನೆಗಳನ್ನು ಇನ್ನೊಂದು ಇಲಾಖೆಯ ಉಗ್ರಾಣಕ್ಕೆ ಬಿಟ್ಟುಕೊಡುವುದಾಗಿ ಅವರು ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಊರಲ್ಲಿ ಮನೆ ಇಲ್ಲದೆ ಜನ ಅಲೆಯುವಾಗ ಬೀಗ ಹಾಕಿದ ಮನೆಗಳಿಗೆ ಅವರು ಎಲ್ಲರಿಗೂ ಉತ್ತರ ಹೇಳಬೇಕಿತ್ತು. ನಾನು ಅವರ ಮಾತನ್ನೂ ಗಂಗಾಬಾಯಿಯವರ ಮಾತನ್ನೂ ಸಮನಾಗಿ ಬರೆದು ಕಳಿಸಿದೆ. ಮರುದಿನ ಅಚ್ಚಾದ ಶೀರ್ಷಿಕೆ: "ಹೊಸ್ತಿಲಿಲ್ಲವೆಂದು ಮನೆ ಒಲ್ಲೆಂದ ವೃದ್ಧರು!" ಆಶ್ಚರ್ಯ ಚಿಹ್ನೆ ಸಹಿತ.

ಅಶ್ವಿನಿ ಆ ಪುಟ ಹಿಡಿದುಕೊಂಡು ನೇರವಾಗಿ ನಮ್ಮ ಕಚೇರಿಗೆ ಬಂದಳು. ನಾನು ಅಲ್ಲೇ ಇದ್ದೆ.

"ಸರ್, ಇದು ಓದಿದವರು ಏನ್ ತಿಳ್ಕೋತಾರ? ನನ್ನ ಮಾನ ಹೋಯ್ತು ಅನ್ನಂಗಿಲ್ಲ, ನಂದು ತಪ್ಪು ಆಗ್ಯಾದ. ಆ ಮುದುಕಿಯರ ಮಾನ ಯಾಕ ತೆಗದ್ರಿ?"

ಕುಲಕರ್ಣಿಯವರು ಕನ್ನಡಕ ತೆಗೆದು ಶೀರ್ಷಿಕೆಯನ್ನು ಇನ್ನೊಮ್ಮೆ ಓದಿದರು. "ಈ ಕಂಬ ನಾನೇ ನಿಲ್ಲಿಸೀನಿ," ಎಂದರು ಆಶ್ಚರ್ಯ ಚಿಹ್ನೆಯ ಮೇಲೆ ಬೆರಳಿಟ್ಟು. "ಖರೇ ಅದ. ಇದು ಇರಬಾರದಿತ್ತು. ಕೂಡ್ರಿ, ಚಹಾ ತೊಗೋರಿ."

ಅವಳು ಕೂತಳು. ಸಿಟ್ಟು ಇಳಿದಿರಲಿಲ್ಲ. ಎದುರಿಗೆ ಸಂಪಾದಕರ ಮೇಜಿನ ಮೇಲೆ ಒಂದು ಬಿದರಿ ಡಬ್ಬಿ ಇತ್ತು. ಗುಂಡುಪಿನ್ನು ಇಡುವ ಚಿಕ್ಕ ಡಬ್ಬಿ. ಬೀದರ್‌ನ ಯಾವ ಕಚೇರಿಯಲ್ಲಿ ಅಂಥದ್ದೊಂದು ಇರುವುದಿಲ್ಲ? ನಾವು ಯಾರೂ ಅದನ್ನು ನೋಡುವುದೇ ಇಲ್ಲ. ಕುಲಕರ್ಣಿಯವರು ತಿದ್ದುಪಡಿ ಯಾವ ಪುಟದಲ್ಲಿ ಹಾಕುವುದೆಂದು ವಿವರಿಸುತ್ತಿದ್ದಾಗ ಅವಳು ಹೆಬ್ಬೆರಳಿನಿಂದ ಅದರ ಮುಚ್ಚಳ ಉಜ್ಜುತ್ತಿದ್ದಳು. ಕಪ್ಪು ಲೋಹದೊಳಗೆ ಬೆಳ್ಳಿಯ ಬಳ್ಳಿ. ಉಜ್ಜುತ್ತಿದ್ದ ಬೆರಳು ಥಟ್ಟನೆ ನಿಂತಿತು.

"ಮೇಡಂ, ಕಣ್ಣು ಮುಚ್ಚಿ ಮುಟ್ಟಿ ನೋಡ್ರಿ," ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಬೆಳ್ಳಿ ಎಲ್ಲಿ ಶುರು ಆಗ್ತದ ಹೇಳ್ರಿ."

ಹೇಳಲಾಗಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ.

"ಸರ್, ಈ ಡಬ್ಬಿ ಒಂದಿನ ಕೊಡ್ತೀರಾ?"

"ಪಿನ್ನು ತೆಗದು ಒಯ್ರಿ," ಎಂದರು ಕುಲಕರ್ಣಿ. "ತಿರುಗಿ ತರ್ರಿ ಮತ್ತ."

ಮರುದಿನ ನಾವಿಬ್ಬರೂ ಔರಾದ್ ಬಸ್ಸಿನಲ್ಲಿದ್ದೆವು. ತಾಡಪತ್ರಿ ಅಂಗಡಿಯ ಮೇಲಿನ ಖೋಲಿಯಲ್ಲಿ ಗಂಗಾಬಾಯಿ, ಸುಲೋಚನಾಬಾಯಿ, ಇನ್ನೂ ಕೆಲವು ಹೆಂಗಸರು ಕೂಡಿದ್ದರು. ಅಶ್ವಿನಿ ಡಬ್ಬಿಯನ್ನು ಗಂಗಾಬಾಯಿಯವರ ಅಂಗೈ ಮೇಲಿಟ್ಟಳು. ಹಿಂದಿನ ಎರಡು ಸಲ ಅವಳು ಉತ್ತರ ತೆಗೆದುಕೊಂಡು ಬಂದಿದ್ದಳು. ಈ ಸಲ ಪ್ರಶ್ನೆ ತಂದಿದ್ದಳು.

"ಅವ್ವಾ, ಹೊಸ್ತಲ ಎಷ್ಟು ಎತ್ತರ ಇದ್ರ ಹೊಸ್ತಲ?"

"ಎತ್ತರ ಯಾರು ಕೇಳ್ಯಾರ? ಖರೇ ಕಟಗಿ ಇರಬೇಕು. ಮೂರು ಕಡಿ ಇದ್ದಂಗ ಕೆಳಗೂ ಇರಬೇಕು. ಕೂಡಿಸುವಾಗ ಪೂಜಿ ಆಗಬೇಕು, ಅದರ ಬುಡಕ್ಕ ಹಾಲು ತುಪ್ಪ ಬೀಳಬೇಕು. ಕೂಡಿಸಿದ ಮ್ಯಾಲ ಕಿತ್ತಬಾರದು."

"ಈ ಬೆಳ್ಳಿ ಕೂತಂಗ, ಅದು ನೆಲದಾಗ ಕೂತ್ರ?"

ಗಂಗಾಬಾಯಿ ಡಬ್ಬಿಯ ಮೇಲೆ ಬೆರಳಾಡಿಸಿದರು. ಹಿಂದೆ ಮುಂದೆ, ಮತ್ತೆ ಹಿಂದೆ. ಕೆಳಗೆ ಅಂಗಡಿಯವನು ಹಗ್ಗ ಅಳೆಯುವ ಸದ್ದು ಕೇಳುತ್ತಿತ್ತು.

"ಬೇವಿನ ಕಟಗಿ ಹಾಕ್ತೀ?" ಎಂದರು ಕಡೆಗೆ.

ಅಶ್ವಿನಿಯ ಮುಖ ಅರಳಿತು. ಅಷ್ಟರಲ್ಲಿ ಸುಲೋಚನಾಬಾಯಿ ಶಾಲೆಯಲ್ಲಿ ಎತ್ತುತ್ತಿದ್ದಂತೆ ಕೈ ಎತ್ತಿದರು. "ತಡೀರಿ. ಉಂಬರ್‍ಯಾವರ್ ಪಾಯ್ ದೇಊ ನಯೇ. ಹೊಸ್ತಲ ಮ್ಯಾಲ ಕಾಲು ಇಡಬಾರದು. ಎತ್ತರ ಇದ್ರ ಮಂದಿ ಎತ್ತಿ ದಾಟತಾರ. ನೆಲಕ್ಕ ಸಮ ಆದ್ರ ಹೋಗೋ ಬರೋರೆಲ್ಲ ತುಳಿತಾರ. ದಿನಾ ತುಳಿಸ್ಕೊಳ್ಳೋ ಹೊಸ್ತಲಕ್ಕ ಪೂಜಿ ಹ್ಯಾಂಗ ಮಾಡೋದು?"

ಸರಿಯಾದ ಆಕ್ಷೇಪ. ಹೆಂಗಸರೆಲ್ಲ ಹೌದೌದು ಎಂದರು. ಗಂಗಾಬಾಯಿ ಡಬ್ಬಿಯನ್ನು ನೆಲದ ಮೇಲಿಟ್ಟರು. ಅಶ್ವಿನಿ ನನ್ನ ಕಡೆ ನೋಡಿದಳು. ನನ್ನ ಹತ್ತಿರ ಪೆನ್ನು ಬಿಟ್ಟು ಬೇರೇನೂ ಇರಲಿಲ್ಲ.

ಕಿಟಕಿಯ ಹತ್ತಿರ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು.

"ಮಾಸ್ತರಬಾಯಿ, ನೀವು ಎಂದರ ಕುರಿ ಕಾಯ್ದೀರೇನು?"

"ಮಕ್ಕಳನ್ನ ಕಾಯ್ದೀನಿ. ಅದೇ ಅದು."

"ಹಂಗಾದ್ರ ನಿಮಗ ತಿಳಿತದ. ದೊಡ್ಡಿ ಬಾಯಿಗೆ ನಾವು ಕೋಲು ಅಡ್ಡ ಹಿಡಿತೀವಿ. ಮುಂದಿನ ಕುರಿ ಕೋಲು ನೋಡಿ ಹಾರತದ. ಅದರ ಹಿಂದಿಂದೂ ಹಾರತದ. ಆಮ್ಯಾಲ ಕೋಲು ತೆಗದುಬಿಡ್ರಿ. ಹಿಂದ ಬರೋವೆಲ್ಲ ಅಲ್ಲಿಗೇ ಬಂದು ಹಾರ್ಕೋತ ಹೋಗ್ತಾವ. ಒಂದೂ ನೆಲ ನೋಡಂಗಿಲ್ಲ. ನಮ್ಮ ಮಂದಿ ಅವ್ವನ ಹೊಟ್ಟಿಯಿಂದ ಬಂದಾಗಿಂದ ಬಾಗಲದಾಗ ಕಾಲು ಎತ್ಕೋತ ಬಂದಾರ. ಅರಿಶಿನ ಕಂಡ್ರ ಸಾಕು, ಕಾಲು ತಾನೇ ಎತ್ತತದ. ಗಂಗೀ ಮೊದಲ ದಾಟ್ಲಿ, ಹಿಂದ ಸಾಹೇಬನೂ ಹಾರತಾನ."

"ನಾವು ಕುರಿ ಏನು?" ಎಂದರು ಗಂಗಾಬಾಯಿ.

"ಕುರಿಗೆ ಬೈಬ್ಯಾಡ."

ಖೋಲಿ ನಗೆಯಿಂದ ತುಂಬಿತು. ಸುಲೋಚನಾಬಾಯಿ ಮಾತ್ರ ಶರತ್ತು ಹಾಕಿದರು: ಯುಗಾದಿಯ ದಿನ ನೋಡೋಣ. ಒಬ್ಬರೇ ಒಬ್ಬರು ತುಳಿದರೂ ಬೀಗದ ಕೈ ತಿರುಗಿ ಕೊಡುತ್ತೇನೆ. ಉಳಿದ ಹೆಂಗಸರು, ಮಾಸ್ತರಬಾಯಿ ಹೆಂಗೋ ನಾವೂ ಹಂಗ ಎಂದರು. ಹಾಗಾಗಿ ಇಡೀ ಸಾಲಿನ ಭವಿಷ್ಯ ಬಾಗಿಲು ದಾಟುವವರ ಪಾದಗಳ ಮೇಲೆ ನಿಂತಿತು. ಇದನ್ನು ಅಧಿಕಾರಿಗೆ ಹೇಗೆ ವಿವರಿಸುವುದೆಂದು ಅಶ್ವಿನಿ ಕೇಳಿದಳು. ವಿವರಿಸಬೇಡ, ಊಟಕ್ಕೆ ಕರಿ ಎಂದೆ. ಮೊದಲೇ ಯಾರಿಗೂ ಹೇಳಿಕೊಡಬಾರದೆಂಬುದೂ ಶರತ್ತಿನಲ್ಲಿತ್ತು.

ಹಬ್ಬಕ್ಕೆ ಮೊದಲು ಬೇವಿನ ಪಟ್ಟಿಗಳು ಬಂದವು. ಪ್ರತಿ ಬಾಗಿಲಿನ ಕೆಳಗೆ ನೆಲ ಕೊರೆದು, ಮನೆಯವರೇ ಹಾಲು ತುಪ್ಪ ಬಿಟ್ಟು, ಕಟ್ಟಿಗೆ ಕೂಡಿಸಿದರು. ಅಶ್ವಿನಿ ಮಟ್ಟಗೋಲು ಇಟ್ಟು, ಆಮೇಲೆ ಮೊಣಕಾಲೂರಿ ಕೂತು, ಅಂಗೈಯಿಂದ ಸವರಿ ನೋಡಿದಳು. ನಾನೂ ಸವರಿದೆ. ಕಣ್ಣು ಮುಚ್ಚಿದರೆ ಹೊಸ್ತಿಲೇ ಇರಲಿಲ್ಲ.

ಯುಗಾದಿಯ ಬೆಳಿಗ್ಗೆ ಅಂಗಡಿಯವರೆಲ್ಲ ಸೇರಿ ಮಾಳಪ್ಪನವರನ್ನು ಕುರ್ಚಿ ಸಮೇತ ಕಬ್ಬಿಣದ ಮೆಟ್ಟಿಲಿನಿಂದ ಇಳಿಸಿದರು. ದಾರಿಯುದ್ದಕ್ಕೂ ಅವರು ಹೊತ್ತವರ ನಡಿಗೆಯನ್ನು ಟೀಕಿಸುತ್ತ ಬಂದರು. ಹೊಸ ಮನೆಯ ಮುಂದೆ ಕುರ್ಚಿ ಇಳಿಸಿ ಒಳಗೆ ನಡೆಯಿರಿ ಅಂದರೆ ಒಪ್ಪಲಿಲ್ಲ. "ಕುರಿ ಕಾಯವ ಕಡಿಗೆ ಹೋಗಾವ. ಮೊದಲ ಹಿಂಡು ಒಳಗ ಹೋಗಲಿ." ಬಾಗಿಲ ಪಕ್ಕದಲ್ಲೇ ಕೂತರು. ಅವರ ಎದುರು ಇನ್ನೊಂದು ಪಕ್ಕದಲ್ಲಿ ಸುಲೋಚನಾಬಾಯಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ ನಿಂತರು.

ಗಂಗಾಬಾಯಿ ಅರಿಶಿನ ಕುಂಕುಮ ಹಚ್ಚಿ, ಬೇವಿನ ಹೂವಿಟ್ಟು, ಕೈಮುಗಿದು ಎದ್ದರು. ಬಲಗಾಲು ಎತ್ತಿದರು. ಡಾಬಕಾದ ಮನೆಯ ಹೊಸ್ತಿಲು ಎಷ್ಟು ಎತ್ತರವಿತ್ತೋ ಅಷ್ಟೇ ಎತ್ತಿದರು. ದಾಟಿದರು. ಹಿಂದೆ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ದಾಟಿದರು. ಅವರು ಎತ್ತುವುದರಲ್ಲಿ ಆಶ್ಚರ್ಯವಿರಲಿಲ್ಲ.

ಆಮೇಲೆ ಅಧಿಕಾರಿ ಬಂದರು. ಅವರಿಗೆ ಶರತ್ತು ಗೊತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಚಪ್ಪಲಿ ಬಿಟ್ಟು ಬಾಗಿಲಿಗೆ ಬಂದರು. ಅಶ್ವಿನಿಯ ಕಣ್ಣು ಅವರ ಪಾದದ ಮೇಲಿತ್ತು. ಮಾಳಪ್ಪ ಕುರಿ ಅಟ್ಟುವಾಗಿನಂತೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಮೆಲ್ಲಗೆ "ಹುರ್ರ್, ಹುರ್ರ್" ಎಂದರು. ಅಧಿಕಾರಿಯ ಬಲಗಾಲು ಮಾತು ನಿಲ್ಲದೆಯೇ ಮೇಲೆದ್ದು, ಇಲ್ಲದ ಎತ್ತರವನ್ನು ದಾಟಿ, ಒಳಗೆ ಇಳಿಯಿತು.

ಮಾಳಪ್ಪ ಕುರ್ಚಿಯ ಕೈ ಬಡಿದು ನಕ್ಕರು. ಅಧಿಕಾರಿಯ ಹಿಂದೆ ಭಾಲ್ಕಿಯಿಂದ ಬಂದಿದ್ದ ಎಲುಬಿನ ಡಾಕ್ಟರು. ಹೊಸ್ತಿಲು ತೆಗೆಯಿರಿ ಎಂದಿದ್ದ ಅದೇ ಡಾಕ್ಟರು. ಅವರೂ ಎತ್ತಿದರು. ಕಡೆಗೆ ಅಶ್ವಿನಿ. ಅದು ನೆಲಮಟ್ಟ ಎಂದು ಕೈಯಾರೆ ಸವರಿ ನೋಡಿದವಳು. ಅವಳ ಕಾಲು ಎಲ್ಲರಿಗಿಂತ ಎತ್ತರಕ್ಕೆ ಎದ್ದಿತು. ಸುಲೋಚನಾಬಾಯಿ ಸೆರಗಿನಿಂದ ತಮ್ಮ ಬೀಗದ ಕೈ ತೆಗೆದು, ಯಾರಿಗೂ ಏನೂ ಹೇಳದೆ, ಪಕ್ಕದ ಮನೆಯ ಬಾಗಿಲು ತೆಗೆಯಲು ಹೋದರು.

ಈಗ ಮಾಳಪ್ಪನವರ ಸರದಿ. ಊರುಗೋಲನ್ನು ಪಟ್ಟಿಯ ಆಚೆ ಇಟ್ಟರು. ಅದು ಎಲ್ಲೂ ತಾಗದೆ ಸಲೀಸಾಗಿ ಹೋಯಿತು. ನಿಂತರು. ಕೆಳಗೆ ಅರಿಶಿನ ನೋಡಿದರು. ನಂತರ ಶಸ್ತ್ರಕ್ರಿಯೆಯಾದ ಕಾಲನ್ನು ನಿಧಾನವಾಗಿ ಎತ್ತಿ, ಆಚೆ ಇಟ್ಟರು.

"ಅರೇ!" ಎಂದರು ಡಾಕ್ಟರು. "ಆ ಕಾಲು ಎತ್ರಿ ಅಂತ ನಾ ಎಷ್ಟು ಸಲ ಹೇಳೀನಿ? ಆಗೋದಿಲ್ಲ ಅಂತಿದ್ರಲ್ಲ!"

"ನಿಮ್ಮ ದವಾಖಾನ್ಯಾಗ ಹೊಸ್ತಲ ಎಲ್ಲಿತ್ರಿ, ಡಾಕ್ಟರ್?"

ಆ ದಿನ ನಾನು ಕಳಿಸಿದ ವರದಿಯಲ್ಲಿ ಎಲ್ಲರೂ ಕಾಲೆತ್ತಿ ದಾಟಿದರು ಎಂಬ ಸಾಲಿತ್ತು. ಜಾಗವಿಲ್ಲವೆಂದು ಅದನ್ನು ತೆಗೆದರು. "ಔರಾದ್: ಹಿರಿಯರ ಮನೆಗಳಿಗೆ ಗೃಹಪ್ರವೇಶ" ಎಂಬ ತಲೆಬರಹದ ಕೆಳಗೆ ಸಣ್ಣ ಸುದ್ದಿ ಬಂತು. ಆಶ್ಚರ್ಯ ಚಿಹ್ನೆ ಇರಲಿಲ್ಲ. ಕುಲಕರ್ಣಿಯವರ ಡಬ್ಬಿ ಪಿನ್ನಿನ ಜೊತೆ ಮೇಜಿಗೆ ಮರಳಿತು. ಅಶ್ವಿನಿ ಈಗ ಭಾಲ್ಕಿಯ ಮನೆಗಳ ನಕ್ಷೆ ಮಾಡುತ್ತಿದ್ದಾಳೆ. ಅದರಲ್ಲಿ ಪ್ರತಿ ಬಾಗಿಲ ಕೆಳಗೆ ಒಂದು ಗೆರೆ ಎಳೆದು "ಕಟ್ಟಿಗೆ, ನೆಲಮಟ್ಟ" ಎಂದು ಬರೆಯುತ್ತಾಳೆ. ಗುಂಡಪ್ಪನವರ ತಂಡ ಅದಕ್ಕೆ ಈಗಾಗಲೇ ಅರ್ಜಿ ಹಾಕಿದೆ. ನಾಲ್ವರೂ ಇದ್ದಾರೆ.

ಆದರೆ ಗೃಹಪ್ರವೇಶದ ದಿನದ್ದು ಒಂದು ಸಂಗತಿ ನನ್ನ ವರದಿಯಲ್ಲೂ ಇರಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ನಾನು ಅಂಗಳದಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಗಂಗಾಬಾಯಿ ಹೋಳಿಗೆ ತಟ್ಟೆ ಹಿಡಿದು ಕರೆದರು: "ಪೇಪರ್ ಬಾಯಿ, ಹೊರಗ ಯಾಕ ನಿಂತೀರಿ, ಒಳಗ ಬರ್ರಿ." ನಾನು ವರದಿಗಾರ್ತಿ. ಆ ಕಟ್ಟಿಗೆಯನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದವಳು. ದಾಟಬೇಕಾದ್ದು ಏನೂ ಇಲ್ಲ ಎಂದು ಖಚಿತವಾಗಿ ತಿಳಿದಿದ್ದವಳು. ತುಳಿಯದೆ, ಹಾಗೆಂದು ಕಾಲನ್ನೂ ಎತ್ತದೆ, ಒಂದು ಉದ್ದ ಹೆಜ್ಜೆ ಹಾಕಿದರೆ ಸಾಕೆಂದು ಲೆಕ್ಕ ಹಾಕಿಕೊಂಡೇ ಬಾಗಿಲಿಗೆ ಹೋದೆ.

ಒಳಗಿನಿಂದ ಮಾಳಪ್ಪನವರ ಕೂಗು ಸಂತೆ ಬಯಲಿನವರೆಗೂ ಕೇಳಿತು.

"ಗಂಗೀ, ಪೇಪರ್ ಬಾಯೀನೂ ಹಾರಿದ್ಳು ನೋಡು!"